ಮೂವರು ಕೋಚ್‌ಗಳು, ಒಂದೇ ಇಕ್ಕಳ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿದ ಪುಣ್ಯಾತ್ಮನ ಮನೆಯಲ್ಲಿ ಫುಟ್‌ಬಾಲ್ ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯ ಜಗಳ ಸೆಪ್ಟೆಂಬರಿನಲ್ಲಿ ಶುರುವಾದರೆ ಜನವರಿಯವರೆಗೂ ಬಾಳುತ್ತದೆ. ನಡುವೆ ನಾವು ನೂರಾರು ಸಲ ಉಂಡಿರುತ್ತೇವೆ, ಮಲಗಿರುತ್ತೇವೆ. ಜಗಳ ಮಾತ್ರ ಬೆಳಿಗ್ಗೆ ನಮಗಿಂತ ಮೊದಲೇ ಎದ್ದು ಅಡುಗೆಮನೆಯ ಮೇಜಿನ ಮುಂದೆ ಕಾಫಿ ಕುಡಿಯುತ್ತ ಕೂತಿರುತ್ತದೆ.

ಈ ವರ್ಷದ ಜಗಳದ ಮೂಲಪುರುಷನ ಹೆಸರು ಕೋಲ್ಬಿ ರೆನ್‌ಶಾ. ಸರೋವರದ ದಡದಲ್ಲಿರುವ ನಮ್ಮ ಪೋರ್ಟ್ ಕ್ಯಾಲ್ವಿನ್ ಊರಿನ ತಂಡವಾದ ಸ್ಟೋಕರ್ಸ್‌ನ ಕ್ವಾರ್ಟರ್‌ಬ್ಯಾಕ್. (ಇದು ಕಾಲಲ್ಲಿ ಒದೆಯುವ ಆಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಕೈಯಿಂದ ಎಸೆದು, ಹಿಡಿದು, ಓಡುವ ಅಮೆರಿಕದ ಫುಟ್‌ಬಾಲ್.) ಆರಡಿ ಮೀರಿದ ಎತ್ತರ, ಹಾಲುಗಲ್ಲದ ಮುಖ. ಚೆಂಡು ಕೈಗೆ ಬಂದ ಮೇಲೆ ಅದನ್ನು ಯಾರಿಗೆ ಎಸೆಯಬೇಕೆಂದು ಎರಡು ಉಸಿರಿನೊಳಗೆ ತೀರ್ಮಾನಿಸುವುದು ಅವನ ಕೆಲಸ. ಅವನು ತೀರ್ಮಾನಿಸುತ್ತಾನೆ. ಎಸೆಯುತ್ತಾನೆ. ಎದುರಾಳಿ ತಂಡದವನು ಅದನ್ನು ಧನ್ಯವಾದಪೂರ್ವಕವಾಗಿ ಸ್ವೀಕರಿಸಿ ಓಡುತ್ತಾನೆ. (ಇಷ್ಟಕ್ಕೆ ಅವನಿಗೆ ಕೊಡುವ ಸಂಬಳದಲ್ಲಿ ನಮ್ಮೂರಿನ ರಸ್ತೆಗುಂಡಿಗಳನ್ನೆಲ್ಲ ಮುಚ್ಚಿ, ಮೇಲೆ ಇಸ್ತ್ರಿಯನ್ನೂ ಹಾಕಬಹುದು.)

ನನ್ನ ಹೆಂಡತಿ ಡೊರೀನ್ ಶಾಲೆಯ ಬಸ್ಸು ಓಡಿಸುತ್ತಾಳೆ. ಬಸ್ಸು ತುಂಬ ಕೂಗಾಡುವ ಮಕ್ಕಳನ್ನು ಕನ್ನಡಿಯಲ್ಲಿ ಒಂದೇ ಒಂದು ನೋಟ ನೋಡಿ ಕೂರಿಸುವ ಮಹಾತಾಯಿ. ನಾನು, ವೆಂಡೆಲ್, ಮನೆಮನೆಯ ಹೀಟರ್ ರಿಪೇರಿ ಮಾಡುವವನು. ಚಳಿಗಾಲದಲ್ಲಿ ಊರಿನ ಜನ ನನ್ನ ವ್ಯಾನಿಗಾಗಿ ಕಿಟಕಿಯಲ್ಲಿ ಮುಖವಿಟ್ಟು ಕಾಯುತ್ತಾರೆ. ಎಲ್ಲರ ಮನೆಯನ್ನೂ ಬೆಚ್ಚಗೆ ಮಾಡಿ ನನ್ನ ಮನೆಗೆ ಬಂದರೆ, ಅಲ್ಲಿ ನಾನು ಹೋಗುವ ಮೊದಲೇ ಬಿಸಿಯೇರಿರುತ್ತದೆ.

ಡಿಸೆಂಬರಿನ ಆ ಶುಕ್ರವಾರವೂ ಹಾಗೇ ಆಯಿತು. ಭಾನುವಾರ ತವರಿನ ಕೊನೆಯ ಆಟ. ಎದುರಾಳಿ ವೆಸ್ಟ್ ಹ್ಯಾಡ್ಲಿಯ ಹೌಂಡ್ಸ್, ಅಂದರೆ ಬೇಟೆನಾಯಿಗಳು. (ಅವರ ಅಭಿಮಾನಿಗಳು ಹಸಿರು ಟೋಪಿ ಹಾಕಿಕೊಂಡು ನಿಜವಾಗಿಯೂ ಬೊಗಳುತ್ತಾರೆ. ಹೆಂಡತಿ ಮಕ್ಕಳಿರುವ ಸಂಸಾರಸ್ಥರು.) ಗೆದ್ದರೆ ನಮ್ಮ ತಂಡ ಮುಂದಿನ ಸುತ್ತಿಗೆ. ಸೋತರೆ ರೆನ್‌ಶಾ ಮನೆಗೆ, ಕೋಚ್ ಅವನ ಹಿಂದೆ.

"ಅವನನ್ನ ಆಡಿಸ್ದೆ ಹೊರಗೆ ಕೂರಿಸ್ಬೇಕು ಡೊರೀನ್," ಎಂದೆ ನಾನು, ಸೂಪಿನ ಬಟ್ಟಲಿನ ಮೇಲೆ ಚಮಚ ಆಡಿಸುತ್ತ. "ಮೂರು ವರ್ಷ ಆಯ್ತು. ಮೂರು ವರ್ಷದಲ್ಲಿ ಕತ್ತೆಗೂ ದಾರಿ ಗೊತ್ತಾಗುತ್ತೆ."

"ದಿನಾ ಒಂದೇ ದಾರಿ ತೋರಿಸಿದ್ರೆ ಕತ್ತೆಗೆ ಗೊತ್ತಾಗುತ್ತೆ. ಇವನಿಗೆ ಮೂರು ವರ್ಷಕ್ಕೆ ಮೂರು ಜನ ಕೋಚ್ ಬಂದ್ರು. ಮೊದಲನೆಯವನು ಓಡು ಅಂದ. ಎರಡನೆಯವನು ಓಡಿದ್ರೆ ಕಾಲು ಮುರೀತೀನಿ, ನಿಂತು ಎಸಿ ಅಂದ. ಈಗ ಬಂದಿರೋನು ಎಸೀಬೇಡ, ಪಕ್ಕದವನ ಕೈಗೆ ಕೊಡು ಅಂತಾನೆ. ಅದೂ ಒಂದು ಮಗು ಕಣೋ, ತಲೆ ಕೆಡಲ್ವಾ?"

"ಮಗು! ಆ ಮಗುವಿಗೆ ಎರಡು ಮನೆ ಇದೆ, ಒಂದು ದೋಣಿ ಇದೆ!"

"ಇರ್ಲಿ. ವರ್ಷಕ್ಕೊಂದ್ಸಲ ನನ್ನ ಬಸ್ಸಿನ ಬ್ರೇಕನ್ನ ಎಡಗಡೆ ಬಲಗಡೆ ಅಂತ ಬದಲಾಯಿಸ್ತಾ ಇದ್ರೆ ಮಕ್ಕಳು ಶಾಲೆಗೆ ಹೋಗ್ತಾರಾ, ಸರೋವರಕ್ಕೆ ಹೋಗ್ತಾರಾ?"

"ಕೈಯಲ್ಲಿ ಕಸುಬಿದ್ದೋನಿಗೆ ಯಾರು ಹೇಳ್ಕೊಟ್ರೇನು? ಕೋಚ್ ಬದಲಾದ ಅನ್ನೋದೆಲ್ಲಾ ನೆಪ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!"

ಇದನ್ನು ನಾನು ಮೇಜು ಗುದ್ದಿ ಹೇಳಿದೆ. ಸೂಪು ತುಳುಕಿತು. ಈ ಗಾದೆಯನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಹೆಂಡತಿ ಇಟ್ಟುಕೊಂಡಳು.

ಈಗ ಇಕ್ಕಳದ ವಿಷಯ ಹೇಳಬೇಕು. ನನ್ನ ಮಾವ ಸ್ಟಾಶ್ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಎಣ್ಣೆಯ ಪೀಪಾಯಿಯೊಂದನ್ನು ಉದ್ದಕ್ಕೆ ಸೀಳಿ, ಕಾಲು ಬೆಸೆದು, ತಂಡದ ಕಿತ್ತಳೆ ಬಣ್ಣ ಬಳಿದು ಒಲೆ ಮಾಡಿದರು. ಜೊತೆಗೆ ತಾವೇ ಬಡಿದು ಮಾಡಿದ ಮೊಳದುದ್ದದ ಇಕ್ಕಳ. ತವರಿನ ಪ್ರತಿ ಆಟದ ದಿನ ಕ್ರೀಡಾಂಗಣದ ಕಾರು ನಿಲ್ಲಿಸುವ ಬಯಲಿನಲ್ಲಿ, ಪ್ರತಿ ಸಲವೂ ಅದೇ ದೀಪದ ಕಂಬದ ಕೆಳಗೆ, ಆ ಒಲೆ ಹೊಗೆಯಾಡುತ್ತಿತ್ತು. ಅದರ ಮೇಲೆ ಬೆಳ್ಳುಳ್ಳಿ ಘಮಘಮಿಸುವ, ಮಾಂಸ ತುಂಬಿದ ಕಿಲ್ಬಾಸಾ ಸಾಸೇಜಿನ ಸುರುಳಿಗಳು. ಮೊದಲ ಸುರುಳಿಯನ್ನು ನನ್ನ ಅತ್ತೆ ಕತ್ತರಿಸಿ, ಮನೆಯವರೆಲ್ಲ ಒಂದೊಂದು ತುಂಡು ತಿಂದ ಮೇಲೆಯೇ ಆಟ ಶುರುವಾಗಬೇಕು. ಡೊರೀನ್ ಹುಟ್ಟುವ ಮೊದಲಿನಿಂದ ಮಾವ ಇರುವವರೆಗೂ ಈ ಶಾಸ್ತ್ರ ತಪ್ಪಿರಲಿಲ್ಲ.

ಮಾವ ನನ್ನನ್ನು ಮೊದಲ ಹತ್ತು ವರ್ಷ 'ಹೀಟರಿನವನು' ಎಂದೇ ಕರೆದರು. ಆಮೇಲಿನ ಹತ್ತು ವರ್ಷ ಏನೂ ಕರೆಯಲಿಲ್ಲ. ಅವರ ಕೊನೆಯ ಶರತ್ಕಾಲದ ಒಂದು ಭಾನುವಾರ ಒಲೆಯ ಮುಂದೆ ಕೆಮ್ಮು ಹತ್ತಿತು. ಸುತ್ತ ನೋಡಿದರು. ಸ್ವಂತ ಮಗ ರೋಮನ್ ಅಲ್ಲೇ ಇದ್ದ. ಆದರೂ ಇಕ್ಕಳವನ್ನು ನನ್ನ ಕಡೆ ಚಾಚಿ, "ಹಿಡ್ಕೋ" ಎಂದು ಹೋಗಿ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಕೊಟ್ಟದ್ದು ಅದೊಂದೇ. (ಮಗಳನ್ನು ಕೊಟ್ಟಿರಲಿಲ್ಲವೇ ಎನ್ನಬೇಡಿ. ಅವಳನ್ನು ನಾನೇ ಕರೆದುಕೊಂಡು ಬಂದಿದ್ದೆ.) ಆ ಇಕ್ಕಳ ನನಗೆ ಬೇಕು. ಬೇಕೇ ಬೇಕು.

ಆದರೆ ಮಾವ ಹೋದ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟದ್ದು 'ಸದ್ಯಕ್ಕೆ'. ನನ್ನ ಅತ್ತೆಯನ್ನು ಮನೆಯವರೆಲ್ಲ ಬುಶಾ ಎನ್ನುತ್ತೇವೆ, ಪೋಲೆಂಡಿನವರು ಅಜ್ಜಿಯನ್ನು ಕರೆಯುವ ಹಾಗೆ. ಬುಶಾರ 'ಸದ್ಯಕ್ಕೆ' ಮೂರು ವರ್ಷ ಎಳೆಯಿತು. ಅಷ್ಟರಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಮೊದಲ ವರ್ಷ ಭಾವಮೈದುನ ರೋಮನ್ ಇದ್ದಿಲು ಹಳೇ ಕಾಲದ್ದೆಂದು ಗ್ಯಾಸ್ ತಂದು ಜೋಡಿಸಿದ. ಸಾಸೇಜುಗಳು ಆಸ್ಪತ್ರೆಯಿಂದ ಎದ್ದು ಬಂದವರಂತೆ ಬಿಳಿಚಿಕೊಂಡವು. ಮರುವರ್ಷ ಡೊರೀನ್ ಯಾವುದೋ ಪತ್ರಿಕೆ ಓದಿ, ಮತ್ತೆ ಇದ್ದಿಲು, ಆದರೆ ಮುಚ್ಚಳ ಹಾಕಿ ಸಣ್ಣ ಉರಿ ಎಂದಳು. ಆಟ ಮುಗಿದರೂ ಸಾಸೇಜು ಬೇಯಲಿಲ್ಲ. ಈ ವರ್ಷ ಬುಶಾ ಫೋನಿನಲ್ಲೇ ಮುಚ್ಚಳ ತೆಗೆಸಿ, ಸೇಬಿನ ಮರದ ಸೌದೆ ಹಾಕಿಸಿದರು. ಸಾಸೇಜು ಮತ್ತು ಸೌದೆಗೆ ಬಣ್ಣದಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಪ್ರತಿ ಸಲವೂ ಬೈಗುಳ ಮಾತ್ರ ಇಕ್ಕಳ ಹಿಡಿದವನಿಗೆ. ಇದಕ್ಕೂ ರೆನ್‌ಶಾಗೂ ಏನು ಸಂಬಂಧ? ಏನೂ ಇಲ್ಲ. ನನಗಂತೂ ಆ ಭಾನುವಾರದವರೆಗೆ ಹೊಳೆದಿರಲಿಲ್ಲ.

ಶನಿವಾರ ಬುಶಾ ಫೋನು ಮಾಡಿದರು. ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡಿದ್ದರು. ಮಾವ ಹೋದ ಮೇಲೆ ಮೊದಲ ಬಾರಿ ಬಯಲಿಗೆ ಬರುತ್ತಾರಂತೆ. "ನಾಳೆ ಇಕ್ಕಳದ ವಿಷಯ ಇತ್ಯರ್ಥ ಮಾಡ್ತೀನಿ. ವೆಂಡೆಲ್‌ಗೋ, ರೋಮನ್‌ಗೋ. ಸದ್ಯಕ್ಕೆ ಅನ್ನೋದು ಸಾಕು," ಎಂದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಡೊರೀನ್ ನನ್ನ ಬೆನ್ನು ಸವರಿ, "ಹೆದರ್ಬೇಡ, ಚೆನ್ನಾಗೇ ಬೇಯಿಸ್ತೀಯ," ಎಂದಳು. ಅವಳು ನನ್ನನ್ನು ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಭಾನುವಾರ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಿತ್ತು. ಬುಶಾಗೆ ಕ್ರೀಡಾಂಗಣದ ಮೆಟ್ಟಿಲು ಹತ್ತಲಾಗದ್ದರಿಂದ ನಮ್ಮ ಟಿಕೆಟ್ಟುಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು, ವ್ಯಾನಿನ ಹಿಂಬದಿಯಲ್ಲಿ ಟಿ.ವಿ. ಇಟ್ಟು ಬಯಲಿನಲ್ಲೇ ಆಟ ನೋಡುವುದೆಂದು ತೀರ್ಮಾನವಾಗಿತ್ತು. ವ್ಯಾನಿನ ಪಕ್ಕದಲ್ಲಿ, ಒಲೆಯಿಂದ ಹದಿನೈದು ಹೆಜ್ಜೆ ಆಚೆ, ಮಡಿಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಬುಶಾ ಆಸೀನರಾದರು. ಮುಂದೆ ಕತ್ತರಿಸುವ ಹಲಗೆ, ಮೇಲೆ ಚಾಕು. ನ್ಯಾಯಾಧೀಶರ ಮುಂದೆ ಸುತ್ತಿಗೆ ಇರುವಂತೆ. ಅವರ ಬಲಗಡೆ ರೋಮನ್. ಅವನು ಇನ್ಶೂರೆನ್ಸ್ ಮಾರುವವನು; ಮುಂದೆ ಬರುವ ಅಪಾಯವನ್ನು ಮೊದಲೇ ಲೆಕ್ಕ ಹಾಕುವುದು ಅವನ ಕಸುಬು. ತನ್ನ ಹೆಸರನ್ನು ಕಸೂತಿ ಹಾಕಿಸಿದ ಹೊಚ್ಚ ಹೊಸ ಏಪ್ರನ್ ಕಟ್ಟಿಕೊಂಡೇ ಬಂದಿದ್ದ.

"ಹೆಸರು ಯಾಕೋ?" ಎಂದೆ. "ಕಳೆದುಹೋಗ್ತೀಯ ಅಂತಾನಾ?"

"ಒಲೆ ಕೈಗೆ ಬಂದ ಮೇಲೆ ಹಾಕಿಸೋಕೆ ಟೈಮ್ ಸಿಗಲ್ಲ ಅಂತ, ಭಾವ," ಎಂದು ಹಲ್ಲು ಬಿಟ್ಟ.

ಬುಶಾ ತಮ್ಮ ಮಾಮೂಲಿ ಕಟುಕನ ಅಂಗಡಿಯಿಂದ ಆರಿಸಿ ತಂದ ಮೊದಲ ಸುರುಳಿಯನ್ನು ನನಗೆ ಕಳಿಸಿದರು. ನಾನು ಉಸಿರು ಬಿಗಿಹಿಡಿದು ಅದನ್ನು ಒಲೆಗೆ ಹಾಕಿದೆ. ಅಂದು, ನಂಬಿದರೆ ನಂಬಿ, ಪವಾಡವಾಯಿತು. ಚಳಿಗೆ ಎಲ್ಲರೂ ವ್ಯಾನಿನ ಹತ್ತಿರವೇ ಮುದುಡಿಕೊಂಡಿದ್ದರಿಂದ ಯಾರೂ ಏನೂ ಹೇಳಲಿಲ್ಲ. ನಾನು ನನಗೆ ತೋಚಿದಾಗ ತಿರುಗಿಸಿದೆ, ತೋಚಿದಾಗ ಸುಮ್ಮನಿದ್ದೆ. ಸುರುಳಿ ಜೇನಿನ ಬಣ್ಣಕ್ಕೆ ತಿರುಗಿತು. ತೊಗಲು ಎಲ್ಲೂ ಒಡೆಯಲಿಲ್ಲ. ಕೊಬ್ಬು ಇದ್ದಿಲ ಮೇಲೆ ಚುಂಯ್ ಎಂದಾಗ ಬಯಲಿನ ಆಚೆ ತುದಿಯ ಹೌಂಡ್ಸ್ ಅಭಿಮಾನಿಗಳೂ ಬೊಗಳುವುದನ್ನು ನಿಲ್ಲಿಸಿ ಮೂಗರಳಿಸಿದರು. ರಸ ಹೊರಗೆ ಹೋಗದಿರಲೆಂದು ಅದನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದೆ. ನಡುವೆ ದಪ್ಪ, ಎರಡು ತುದಿ ಚೂಪು. ಕೈಯಲ್ಲಿ ಹಿಡಿದರೆ ಸಾಕ್ಷಾತ್ ಫುಟ್‌ಬಾಲಿನ ಚೆಂಡು.

ಅದನ್ನು ನಡೆದುಕೊಂಡು ಹೋಗಿ ಹಲಗೆಯ ಮೇಲಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಟಿ.ವಿ.ಯಲ್ಲಿ ರೆನ್‌ಶಾನ ಮುಖ ಬಂತು.

"ಬಂದ ನೋಡಿ ದಾನಶೂರ," ಎಂದೆ. "ಇವತ್ತು ಯಾರಿಗೆ ಎಷ್ಟು ದಾನವೋ!"

"ಬಾಯಿಗೆ ಬಂದದ್ದು ಹೇಳ್ಬೇಡ," ಎಂದಳು ಡೊರೀನ್. "ಮೈಮೇಲೆ ನಾಲ್ಕು ಜನ ದಾಂಡಿಗರು ಬೀಳ್ತಾ ಇರೋವಾಗ ಎಸೆಯೋದು ನಿನಗೇನ್ ಗೊತ್ತು?"

"ಎಸೆಯೋದು ಏನ್ ಬ್ರಹ್ಮವಿದ್ಯೆನಾ? ನೋಡ್ಬೇಕು, ಎಸೀಬೇಕು. ಅಷ್ಟೇ."

"ಅಷ್ಟೇನಾ?" ಎಂದ ರೋಮನ್, ಏಪ್ರನ್ ಸರಿಮಾಡಿಕೊಳ್ಳುತ್ತ. "ಹಾಗಾದ್ರೆ ಎಸೆದು ತೋರ್ಸು ಭಾವ."

ಕೈಯಲ್ಲಿ ಚೆಂಡಿನಂಥದ್ದು ಇತ್ತು. ಹೇಗೂ ಅದು ರೋಮನ್ ನಿಂತ ಕಡೆಗೇ ತಲುಪಬೇಕಾಗಿತ್ತು. ನಡೆದು ತಲುಪಿಸುವ ಬದಲು ಹಾರಿ ತಲುಪಿದರೆ ಸಾಸೇಜಿಗೂ ಬೇಗ, ನನ್ನ ವಾದಕ್ಕೂ ಸಾಕ್ಷಿ. ಆ ಗಳಿಗೆಯಲ್ಲಿ ಇದು ಅತ್ಯಂತ ಸಮಂಜಸವಾಗಿ ಕಂಡಿತೆಂದು ಎದೆ ಮುಟ್ಟಿ ಹೇಳುತ್ತೇನೆ.

"ಹಿಡ್ಕೋ ರೋಮನ್!" ಎಂದು ಕೈ ಎತ್ತಿದೆ.

"ಎಡಕ್ಕೆ! ಅವನು ಎಡಕ್ಕೆ ಓಡ್ತಾ ಇದ್ದಾನೆ, ಎಡಕ್ಕೆ ಎಸಿ!" ಎಂದು ಡೊರೀನ್ ಕೂಗಿದಳು.

"ಎತ್ತರಕ್ಕೆ ಭಾವ! ಎತ್ತರಕ್ಕೆ!" ಎಂದು ರೋಮನ್ ಕೂಗಿದ.

"ಎಸೀಬೇಡ ಮೂರ್ಖ! ನಡ್ಕೊಂಡು ಬಂದು ಕೈಗೆ ಕೊಡು!" ಎಂದು ಬುಶಾ ಗುಡುಗಿದರು.

ನಾನು ಮೂವರ ಮಾತನ್ನೂ ಕೇಳಿದೆ. ಅದೇ ತಪ್ಪಾದದ್ದು. ಕಣ್ಣು ಎಡಕ್ಕೆ ಹೋಯಿತು, ಕೈ ಎತ್ತರಕ್ಕೆ ಹೋಯಿತು, ಕಾಲು ಬುಶಾರ ಕಡೆಗೆ ನಡೆಯತೊಡಗಿತು. ಸಾಸೇಜು ಯಾರ ಮಾತನ್ನೂ ಕೇಳದೆ ಬಲಕ್ಕೆ ಹೋಯಿತು. ಚಳಿಗಾಲದ ಬಿಸಿಲಿನಲ್ಲಿ ಬೆಳ್ಳಿಯಂತೆ ಮಿಂಚುತ್ತ, ತಿರುಗುತ್ತ, ಬಹಳ ಸುಂದರವಾಗಿ ಹೋಯಿತು. ಬಲಗಡೆಯ ಎರಡು ಟ್ರಕ್ಕುಗಳ ನಡುವಿನಿಂದ ಆಗ ತಾನೇ ಹೊರಗೆ ಬರುತ್ತಿದ್ದ ಹಸಿರು ಟೋಪಿಯ ದೈತ್ಯನೊಬ್ಬನ ಎದೆಗೆ ಬಂದು ಅಪ್ಪಳಿಸಿತು. ಅವನು ಎರಡೂ ಕೈಯಿಂದ ತಬ್ಬಿ ಹಿಡಿದ.

ಹೌಂಡ್ಸ್ ಅಭಿಮಾನಿ! ಒಂದು ಕ್ಷಣ ಅವನಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ರಕ್ತಗುಣ ಎಚ್ಚೆತ್ತಿತು. "ಬೌ!" ಎಂದು ಒಂದು ಸಲ ಬೊಗಳಿ, ಪೊಟ್ಟಣವನ್ನು ಕಂಕುಳಿಗೆ ಒತ್ತಿಕೊಂಡು ಓಟ ಕಿತ್ತ. ರೋಮನ್ ಬೆನ್ನಟ್ಟಿದವನು ಏಪ್ರನ್ ಕಾಲಿಗೆ ತೊಡರಿ ಬಿದ್ದ. ದೈತ್ಯ ಬಯಲಿನ ತುದಿಯಲ್ಲಿದ್ದ ಎರಡು ನೀಲಿ ತಾತ್ಕಾಲಿಕ ಶೌಚಾಲಯಗಳ ನಡುವೆ ನುಗ್ಗಿ, ಗೆರೆ ದಾಟಿ ಅಂಕ ಗಳಿಸಿದ ಆಟಗಾರನಂತೆ ಎರಡೂ ಕೈ ಮೇಲೆತ್ತಿ ಕುಣಿದ. ಅವನ ಕಡೆಯವರೆಲ್ಲ ಬೊಗಳಿ ಜಯಘೋಷ ಮಾಡಿದರು. ಆಮೇಲೆ ಅವನು ಪೊಟ್ಟಣ ಬಿಚ್ಚಿದ. ಮೂಸಿದ. ಕಚ್ಚಿದ.

"ಅಬ್ಬಾ! ಏನ್ ರುಚಿಯಾಗಿದೆ ಗುರುವೇ!" ಎಂದು ಅಲ್ಲಿಂದಲೇ ಕೂಗಿದ. "ಯಾರು ಮಾಡಿದ್ದು?"

ಮೂರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಶತ್ರುವಿನ ಬಾಯಿಂದ, ಅದೂ ತುಂಬಿದ ಬಾಯಿಂದ ಬಂತು. ನಮ್ಮ ಪಾಲಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲ ಸುರುಳಿ! ಬುಶಾ ಚಾಕು ಹಿಡಿದವರು ಹಿಡಿದ ಹಾಗೇ ಖಾಲಿ ಹಲಗೆಯನ್ನು ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅದು ಚಳಿಗಾಳಿಯ ನೀರೆಂದು ನನಗೆ ನಾನೇ ಹೇಳಿಕೊಂಡೆ.

"ನಮ್ಮ ಸ್ಟಾಶ್ ಇದ್ದಾಗ," ಎಂದರು ಮೆಲ್ಲಗೆ, "ಒಂದು ಸಲಾನೂ ಹೀಗಾಗಿರಲಿಲ್ಲ."

ನನ್ನ ಸಂಕಟ ಆಗ ಕಟ್ಟೆಯೊಡೆಯಿತು. "ನಂದೊಬ್ಬಂದೇ ತಪ್ಪಾ?" ಎಂದು ಕಿರುಚಿದೆ. "ಒಬ್ಬರು ಎಡಕ್ಕೆ ಅಂತೀರ, ಒಬ್ಬರು ಎತ್ತರಕ್ಕೆ ಅಂತೀರ, ಒಬ್ಬರು ಎಸೀಲೇಬೇಡ ಅಂತೀರ! ಇವತ್ತಲ್ಲ, ಮೂರು ವರ್ಷದಿಂದ ಇದೇ ಕಥೆ! ಒಂದು ವರ್ಷ ಗ್ಯಾಸು, ಒಂದು ವರ್ಷ ಮುಚ್ಚಳ, ಒಂದು ವರ್ಷ ಸೇಬಿನ ಸೌದೆ! ವರ್ಷಕ್ಕೊಬ್ಬ ಕೋಚ್ ಬಂದು ತಲೆ ಮೇಲೆ ಕೂತ್ರೆ ಎಂಥಾ ಗಂಡಸಾದ್ರೂ ಏನ್ ಮಾಡಕ್ಕಾಗುತ್ತೆ? ಒಬ್ಬರು, ಒಂದೇ ಒಬ್ಬರು ಸ್ಥಿರವಾಗಿ ಹೇಳ್ಕೊಟ್ಟಿದ್ರೆ..."

ಇಲ್ಲಿಗೆ ಬಂದಾಗ ನನ್ನ ಮಾತು ನನಗೇ ಕೇಳಿಸಿತು. ಬಾಯಿ ಮುಚ್ಚಿದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಡೊರೀನ್ ಬಸ್ಸಿನ ಕನ್ನಡಿಯಲ್ಲಿ ನೋಡುವ ಆ ನೋಟ ನೋಡಿದಳು. "ಇನ್ನೊಂದ್ಸಲ ಹೇಳು ವೆಂಡೆಲ್. ನಿಧಾನವಾಗಿ ಹೇಳು. ನಂಗೆ ಗಾಳೀಲಿ ಸರಿಯಾಗಿ ಕೇಳಿಸ್ಲಿಲ್ಲ."

"ಏನಿಲ್ಲ."

"ನೆಲ ಡೊಂಕಾಗಿತ್ತಾ?"

ನಾನು ಒಲೆಯ ಕಡೆ ತಿರುಗಿ ಇದ್ದಿಲು ಕೆದಕಿದೆ. ಕೆದಕುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಇಕ್ಕಳ ಇಲ್ಲಿ ಕೊಡು," ಎಂದರು ಬುಶಾ. ಕೊಟ್ಟೆ. ಅದನ್ನು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡು ಬೆರಳು ಮಡಚಿ ಎಣಿಸಿದರು. "ಇವನೂ ಮೂರು ವರ್ಷ. ಆ ಹುಡುಗನೂ ಮೂರು ವರ್ಷ. ಅವನಿಗೂ ಮೂವರು, ಇವನಿಗೂ ಮೂವರು. ಇಬ್ಬರ ಜಾತಕಾನೂ ಒಂದೇ. ಸರಿ, ಆ ಹುಡುಗ ಇವತ್ತು ಗೆದ್ರೆ ಇವನಿಗೂ ಯೋಗ್ಯತೆ ಇದೆ ಅಂತ ಅರ್ಥ, ಇಕ್ಕಳ ಇವನಿಗೆ. ಸೋತ್ರೆ ರೋಮನ್‌ಗೆ. ಇನ್ನು ಯಾರೂ ಮಾತಾಡ್ಬೇಡಿ."

ಅಯ್ಯೋ ದೇವರೇ! ಲೋಕದಲ್ಲಿ ಇಷ್ಟು ಜನರಿರುವಾಗ ನನ್ನ ಹಣೆಬರಹ ಕೋಲ್ಬಿ ರೆನ್‌ಶಾನ ಕೈಗೆ ಹೋಗಿ ಕೂತಿತು. ಎಷ್ಟೋ ಭಾನುವಾರ ನಾನು ಶಪಿಸಿದ ಅದೇ ಕೈಗೆ.

ಆಟ ಶುರುವಾಯಿತು. ಕ್ರೀಡಾಂಗಣ ಎದುರಿಗೇ ಇದ್ದರೂ ಟಿ.ವಿ.ಯ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಒಳಗಿನ ಕೂಗು ಮೊದಲು ಕೇಳುತ್ತದೆ. ಏನಾಯಿತೆಂದು ಕಾಣುವುದು ನಾಲ್ಕಾರು ಉಸಿರಿನ ನಂತರ. ಆ ನಾಲ್ಕಾರು ಉಸಿರಿನಲ್ಲಿ ನಾನು ಪ್ರತಿ ಸಲವೂ ಒಮ್ಮೆ ಸತ್ತು ಹುಟ್ಟಿದೆ. ಸಾಸೇಜು ತಿಂದ ದೈತ್ಯನಿಗೆ ಆತ್ಮಸಾಕ್ಷಿ ಚುಚ್ಚಿರಬೇಕು. ಡ್ವೈಟ್ ಎಂದು ಹೆಸರು ಹೇಳಿಕೊಂಡು, ಒಂದು ಡಬ್ಬಿ ಮಾಂಸದ ಚೂರುಗಳನ್ನು ತಂದು ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಅವನ ತಂಡ ಮುಂದೆ ಹೋದಾಗಲೆಲ್ಲ ಬುಶಾರ ಮೇಲಿನ ಗೌರವದಿಂದ ಮೆಲ್ಲಗೆ ಬೊಗಳುತ್ತಿದ್ದ.

ಅರ್ಧ ಆಟಕ್ಕೆ ಮೊದಲು ರೆನ್‌ಶಾ ಚೆಂಡನ್ನು ನೇರವಾಗಿ ಎದುರಾಳಿಯ ಹೊಟ್ಟೆಗೆ ಎಸೆದ.

"ಪಾಪ, ಅವನ ತಪ್ಪಲ್ಲ," ಎಂಬ ಧ್ವನಿ ಕೇಳಿಸಿತು. ಯಾರೆಂದು ತಿರುಗಿ ನೋಡಿದರೆ ಅದು ನಾನೇ. "ಓಡಬೇಕೋ ಎಸೀಬೇಕೋ ಅಂತ ಆ ಕೋಚ್ ಸರಿಯಾಗಿ ಹೇಳಿಲ್ಲ. ಮಗು ಏನ್ ಮಾಡುತ್ತೆ?"

"ಮಗು?" ಎಂದಳು ಡೊರೀನ್.

"ಎರಡು ಮನೆ, ಒಂದು ದೋಣಿ ಇರೋ ಮಗು," ಎಂದ ರೋಮನ್, ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ. ಅಕ್ಕ ತಮ್ಮನಿಗೆ ಎಲ್ಲವನ್ನೂ ವರದಿ ಮಾಡಿರುತ್ತಾಳೆ.

ಆಟ ಕೊನೆಗೆ ಬಂತು. ನಾವು ನಾಲ್ಕು ಅಂಕ ಹಿಂದೆ. ಚೆಂಡು ನಮ್ಮದು, ಮೈದಾನವಿಡೀ ದಾಟಬೇಕು, ಸಮಯ ಒಂದು ಸಿಗರೇಟು ಸೇದುವಷ್ಟೂ ಇಲ್ಲ. ರೆನ್‌ಶಾ ಒಂದು ಎಸೆದ, ಹಿಡಿದರು. ಇನ್ನೊಂದು ಎಸೆದ, ಹಿಡಿದರು. ರೋಮನ್ ಆಗಲೇ ಇಕ್ಕಳದ ಕಡೆ ನೋಡುತ್ತಿದ್ದ. ಒಂದೇ ಎಸೆತಕ್ಕೆ ಆಗುವಷ್ಟು ಸಮಯ ಉಳಿಯಿತು.

ಆಗ ಕ್ರೀಡಾಂಗಣದಿಂದ ಭೋರ್ಗರೆಯುವ ಕೂಗು ಕೇಳಿಸಿತು. ನಮ್ಮವರದೋ ಹೌಂಡ್ಸ್‌ನವರದೋ ಗೊತ್ತಾಗುವ ಹಾಗಿರಲಿಲ್ಲ, ಅವರೂ ಬಸ್ಸುಗಟ್ಟಲೆ ಬಂದಿದ್ದರು. ಏನೋ ಆಗಿಹೋಗಿತ್ತು. ಆದರೆ ಟಿ.ವಿ.ಯಲ್ಲಿ ರೆನ್‌ಶಾ ಇನ್ನೂ ಚೆಂಡು ಹಿಡಿದು ನಿಂತೇ ಇದ್ದ. ಬುಶಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ದಾಂಡಿಗರು ನುಗ್ಗಿ ಬರುತ್ತಿದ್ದರು.

"ಓಡು!" ಎಂದಳು ಡೊರೀನ್.

"ಎಸಿ!" ಎಂದ ರೋಮನ್.

ನನ್ನ ನಾಲಗೆಯ ತುದಿಗೂ ಒಂದು ಸಲಹೆ ಬಂದಿತ್ತು. ಆದರೆ ಆ ಹುಡುಗನ ಕಣ್ಣು ನೋಡಿದೆ. ಎಡಕ್ಕೆ ನೋಡುತ್ತಿತ್ತು, ಮೇಲಕ್ಕೆ ನೋಡುತ್ತಿತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. "ನಿನ್ನಿಷ್ಟ ಕಣಪ್ಪಾ," ಎಂದೆ. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಅವನು ಬಲಕ್ಕೆ ಎಸೆದ. ಬಲಗಡೆಯ ಮೂಲೆಯಲ್ಲಿ, ಗೆರೆಯ ಆಚೆ, ಕಿತ್ತಳೆ ಅಂಗಿಯ ಎರಡು ಕೈ ಮೇಲೆದ್ದು ಅದನ್ನು ಹಿಡಿದವು. ಟಚ್‌ಡೌನ್! ಆರು ಅಂಕ, ಗೆದ್ದೆವು! ನಾನು ಗಟ್ಟಿಯಾಗಿ ಅಳುತ್ತ ಪಕ್ಕದಲ್ಲಿದ್ದವರನ್ನು ತಬ್ಬಿಕೊಂಡೆ. ಅದು ಡ್ವೈಟ್. ಅವನೂ ಅಳುತ್ತಿದ್ದ, ಬೇರೆ ಕಾರಣಕ್ಕೆ.

"ನಾನು ಮೊದಲಿಂದ ಹೇಳ್ತಾ ಇರಲಿಲ್ವಾ, ಈ ಹುಡುಗ ಚಿನ್ನ ಅಂತ!" ಎಂದೆ. ಡೊರೀನ್ ಬಸ್ಸಿನ ಕನ್ನಡಿಯ ಅದೇ ನೋಟವನ್ನು ಇನ್ನೊಮ್ಮೆ ನೋಡಿದಳು. ಆ ನೋಟವನ್ನು ನಾನು ಇನ್ನೂ ಅನುಭವಿಸುತ್ತಿದ್ದೇನೆ.

ಬುಶಾ ಕುರ್ಚಿಯಿಂದ ಎದ್ದು ನಿಂತರು. ಇಕ್ಕಳವನ್ನು ನನ್ನ ಕಡೆ ಚಾಚಿದರು. "ಹಿಡ್ಕೋ," ಎಂದರು, ಮಾವ ಅಂದ ಹಾಗೇ. ಅದನ್ನು ಹಿಡಿದಾಗ ನನಗೆ ಎದೆ ತುಂಬಿ ಬಂತು. ರೋಮನ್ ಸಹ ಬಂದು ಕೈ ಕುಲುಕಿದ. ಆ ಕ್ಷಣದಲ್ಲೇ ಈ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

"ಆದ್ರೆ ವೆಂಡೆಲ್," ಎಂದರು ಬುಶಾ, ಇಕ್ಕಳದ ಇನ್ನೊಂದು ತುದಿಯನ್ನು ಬಿಡದೆ. "ನೀನು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ತಪ್ಪು ನಿಂದಲ್ಲ, ನಮ್ಮದು. ವರ್ಷಕ್ಕೊಬ್ಬರು ಒಂದೊಂದು ಹೇಳಿ ನಿನ್ನನ್ನ ಕೆಡಿಸಿದ್ವಿ. ಇನ್ಮೇಲೆ ಡೊರೀನ್ ಬಾಯಿ ಹಾಕಲ್ಲ, ರೋಮನ್ ಬಾಯಿ ಹಾಕಲ್ಲ. ನಿನಗೆ ಒಬ್ಬರೇ ಕೋಚ್. ಸ್ಥಿರವಾಗಿ."

"ಯಾ... ಯಾರು?" ಎಂದೆ.

"ಸ್ಟಾಶ್‌ಗೆ ಯಾರು ಹೇಳ್ಕೊಟ್ಟಿದ್ದು ಅಂದ್ಕೊಂಡಿದ್ದೀಯ? ನಿಮ್ಮನೇಲಿ ಕೆಳಗಿನ ರೂಮು ಇದೆಯಲ್ಲ, ಅದೇ ಆ ಟಿ.ವಿ. ಇರೋದು, ಒರಗೋ ಕುರ್ಚಿ ಇರೋದು. ನನ್ನ ಸೊಂಟಕ್ಕೂ ಮೆಟ್ಟಿಲು ಹತ್ತೋ ಕೆಲಸ ಇಲ್ಲ. ನಾಳೆ ರೋಮನ್ ನನ್ನ ಸಾಮಾನು ತಂದು ಹಾಕ್ತಾನೆ."

"ಒಂದೇ ಸೀಸನ್‌ಗೆ ತಾನೇ ಬುಶಾ?"

ಉತ್ತರ ಕೊಟ್ಟವಳು ಡೊರೀನ್. ಮೂರು ವರ್ಷದ ಜಗಳದ ಫಲವೆಲ್ಲ ಅವಳ ದನಿಯಲ್ಲಿ ಮಾಗಿತ್ತು. "ಒಂದು ಸೀಸನ್‌ಗೆ ಕೋಚ್‌ನ ಕಳಿಸಿಬಿಟ್ರೆ ಎಂಥಾ ಗಂಡಸಾದ್ರೂ ಏನ್ ಮಾಡಕ್ಕಾಗುತ್ತೆ, ವೆಂಡೆಲ್?"

ಈಗ ಫೆಬ್ರವರಿ. ನಮ್ಮ ತಂಡ ಮುಂದಿನ ಸುತ್ತಿನಲ್ಲೇ ಸೋತು ಮನೆಗೆ ಬಂತು. ರೆನ್‌ಶಾ ಎಲ್ಲೋ ಬೆಚ್ಚಗಿನ ಊರಿನಲ್ಲಿ ದೋಣಿಯ ಮೇಲೆ ಮಲಗಿದ್ದಾನಂತೆ. ಆಟವಿಲ್ಲದಿದ್ದರೇನು, ಅಭ್ಯಾಸ ತಪ್ಪಬಾರದೆಂದು ಬುಶಾ ಹೇಳುತ್ತಾರೆ. ಆದ್ದರಿಂದ ಮಂಗಳವಾರ, ಗುರುವಾರ ಸಂಜೆ ನಾನು ಹಿತ್ತಲಿನಲ್ಲಿ ಮೊಣಕಾಲುದ್ದದ ಹಿಮದಲ್ಲಿ ಇಕ್ಕಳ ಹಿಡಿದು ನಿಂತಿರುತ್ತೇನೆ. ಬುಶಾ ನನ್ನ ಒರಗುವ ಕುರ್ಚಿಯಲ್ಲಿ, ನನ್ನ ಕಂಬಳಿ ಹೊದ್ದು, ನನ್ನ ಕಿಟಕಿಯ ಒಳಗಿನಿಂದ ನೋಡುತ್ತಾರೆ. ಗಾಜಿಗೆ ಚಮಚದಿಂದ ಒಂದು ಸಲ ಕುಟ್ಟಿದರೆ ತಿರುಗಿಸು, ಎರಡು ಸಲ ಕುಟ್ಟಿದರೆ ಮುಟ್ಟಬೇಡ. ಸಾಸೇಜು ಜೇನಿನ ಬಣ್ಣಕ್ಕೆ ಬರುತ್ತಿದೆಯೆಂದು ಒಪ್ಪಿಕೊಳ್ಳಲೇಬೇಕು. ಅದೇ ನನ್ನ ದೊಡ್ಡ ದುಃಖ.

ನಿನ್ನೆ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಸ್ಟೋಕರ್ಸ್ ತಂಡದ ಮಾಲೀಕ ಈ ಕೋಚನ್ನೂ ತೆಗೆದುಹಾಕಿದನಂತೆ. ನಾನು ಪತ್ರಿಕೆಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹರಡಿ, "ನೋಡಿ, ಗೆಲ್ಲಿಸಿದ ಕೋಚನ್ನೂ ತೆಗೀತಾರೆ. ದೊಡ್ಡೋರೇ ಹೀಗೆ ಮಾಡೋವಾಗ..." ಎಂದು ಆಸೆಯಿಂದ ಶುರು ಮಾಡಿದೆ.

"ಅದಕ್ಕೇ ಅವರು ಉದ್ಧಾರ ಆಗಲ್ಲ," ಎಂದು ಬುಶಾ ನನ್ನ ಕಾಫಿ ಲೋಟವನ್ನು ತಮ್ಮ ಕಡೆ ಎಳೆದುಕೊಂಡರು. ಡೊರೀನ್ ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದಳು. ಮಂಗಳವಾರ.